ದ್ವಾರಪಾಲನಿಗೆ ಮೂರು ಪ್ರಶ್ನೆ

ಮೂರನೇ ಸಲ ಕರೆಗಂಟೆ ಹೊಡೆದುಕೊಂಡಾಗ ಗೇಮ್‌ಸಾಹೇಬ ಬಟ್ಟೆ ಒಗೆಯುವ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಅರ್ಧ ಇಳಿದಿದ್ದ. ಇನ್ನರ್ಧ ಇಳಿಯಲು ಹೊಟ್ಟೆ ಒಪ್ಪಲಿಲ್ಲ.

"ತೆಗೀಬೇಡ!" ಎಂದು ಅಲ್ಲಿಂದಲೇ ಪಿಸುಗುಟ್ಟಿದ. ಆ ಪಿಸುಮಾತು ಎಷ್ಟು ಜೋರಾಗಿತ್ತೆಂದರೆ ಹೊರಗೆ ಗಂಟೆ ಒತ್ತುತ್ತಿದ್ದವನೂ ಒಂದು ಕ್ಷಣ ಸುಮ್ಮನಾದ.

"ನೀರಿನ ಕ್ಯಾನಿನವನು ರೀ," ಎಂದಳು ಹೆಂಡತಿ.

"ಹಾಗಂತ ಅವನು ಹೇಳ್ತಾನೆ."

"ನೀರಿನ ಕ್ಯಾನ್ ಹೊತ್ಕೊಂಡು ನಿಂತವನು ಇನ್ನೇನು ಹೇಳ್ಬೇಕು?"

"ಒಳಗೆ ಏನಿದೆ ಅಂತ ನೋಡಿದೀಯಾ?"

"ನೀರು."

"ಕೇಳು ಮಾರಾಯ್ತಿ! ಬಾಗಿಲು ತೆಗೆಯೋಕೆ ಮುಂಚೆ ಏನಾದ್ರೂ ಒಂದು ಪ್ರಶ್ನೆ ಕೇಳು!"

ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನವಿಡೀ ಜನರ ಎಲುಬು ನೋಡಿ ನೋಡಿ, ಎಲುಬಿನ ಮೇಲೆ ನಡೆಯುವ ಗದ್ದಲಕ್ಕೆ ಅವಳು ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. ಹೋಗಿ ಬಾಗಿಲು ತೆರೆದಳು, ಕ್ಯಾನ್ ಒಳಗೆ ಉರುಳಿಸಿಕೊಂಡಳು, ಬಾಗಿಲು ಮುಚ್ಚಿದಳು. ಯಾರೂ ಯಾರನ್ನೂ ಕೊಲ್ಲಲಿಲ್ಲ. ಆಮೇಲೆ ಸಂದಿಯ ಹತ್ತಿರ ಬಂದು ಗಂಡನ ಎರಡೂ ಕಂಕುಳಿಗೆ ಕೈ ಹಾಕಿ, "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಗೇ ಇರಿ," ಎಂದು ಆಸ್ಪತ್ರೆಯ ದನಿಯಲ್ಲೇ ಹೇಳಿ ಅವನನ್ನು ಹೊರಗೆಳೆದಳು. "ಈಗ ಬಿಡಿ."

ಅವನು ಉಸಿರು ಬಿಟ್ಟ. ಮೊಣಕೈಗೆ ಜೇಡರ ಬಲೆ ಅಂಟಿತ್ತು. ಯಾವಾಗಲೋ ಕಳೆದುಹೋಗಿದ್ದ ಕಾಲುಚೀಲವೊಂದು ಕೈಯಲ್ಲಿತ್ತು. ಹೆದರಿಕೆಯಿಂದ ಆ ಮನೆಗೆ ಆದ ಒಂದೇ ಒಂದು ಲಾಭ ಅದು.

ಈ ಹೆದರಿಕೆಗೆ ಕಾರಣ ಒಂದು ಆಟ. ದರ್ಜಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ಮೇಜು ನಡುಗುವ ಎರಡು ಕೋಣೆಗಳಲ್ಲಿ, ಒಂದು ಸಣ್ಣ ಕಂಪನಿ ಅದನ್ನು ತಯಾರಿಸಿತ್ತು. ಹೆಸರು 'ಬಾಗಿಲು ತೆರೆಯಬೇಡ'. ಆಡುವವನು ಮನೆಯೊಳಗೆ ಒಬ್ಬನೇ ಇರುತ್ತಾನೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ. ಅಮ್ಮನ ದನಿಯಲ್ಲಿ ಕರೆಯಬಹುದು, ಅಣ್ಣನ ದನಿಯಲ್ಲಿ ಕರೆಯಬಹುದು. ಒಳಗಿನವನು ಮೂರು ಪ್ರಶ್ನೆ ಕೇಳಿ, ಬಂದವರು ನಿಜವೋ ಸುಳ್ಳೋ ತೀರ್ಮಾನಿಸಬೇಕು. ಗುಟ್ಟು ಇಷ್ಟೇ: ನಿಜ ಹೇಳುವವರು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ, ಸುಳ್ಳು ಹೇಳುವವರು ಕಥೆ ಕಟ್ಟುತ್ತಾರೆ, ವಿಪರೀತ ಪ್ರೀತಿ ತೋರಿಸುತ್ತಾರೆ. ತಪ್ಪಿ ಸುಳ್ಳುಗಾರನಿಗೆ ಬಾಗಿಲು ತೆರೆದರೆ ಪರದೆ ಕಪ್ಪಾಗುತ್ತದೆ. ಆಮೇಲೆ ಏನನ್ನೋ ನಿಧಾನವಾಗಿ ಅಗಿಯುವ ಸದ್ದು.

ಕಂಪ್ಯೂಟರಿನಲ್ಲಿ ಆಟ ಹೆಸರು ಮಾಡಿತು. ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್ ಪೆಟ್ಟಿಗೆಗೂ ಅದು ಬರುತ್ತದೆ, ಅದರಲ್ಲಿ ಇಬ್ಬರು ಸೇರಿ ಆಡಬಹುದು, ಒಬ್ಬರು ಒಳಗೆ ಒಬ್ಬರು ಹೊರಗೆ, ಬೇರೆ ಬೇರೆ ಊರಿನಲ್ಲಿದ್ದರೂ ಸರಿಯೇ ಎಂದು ಕಂಪನಿ ಮಾತು ಕೊಟ್ಟಿತು. ಜನ ಪೆಟ್ಟಿಗೆ ಕೊಂಡರು. ಕಾದರು. "ಯಾವಾಗ?" ಎಂದು ಕೇಳಿದರು. ಹಾಗೆ ಕೇಳಿದವರಿಗೆಲ್ಲ 'ದ್ವಾರಪಾಲ' ಎಂಬ ಹೆಸರಿನಲ್ಲಿ ಉತ್ತರ ಬರೆಯುವುದೇ ನಮ್ಮ ಗೇಮ್‌ಸಾಹೇಬನ ಕೆಲಸ. "ಪ್ರಿಯ ಗೆಳೆಯಾ, ನಿಮ್ಮ ತಾಳ್ಮೆಯೇ ನಮ್ಮ ದೀಪ." "ಪ್ರಿಯ ಗೆಳೆಯಾ, ಇನ್ನೇನು ಹೊಸ್ತಿಲಿಗೆ ಬಂದಿದೆ." ಅವನು ಮಾಡುತ್ತಿದ್ದದ್ದು ಇಷ್ಟು. ಆಟದ ಒಂದು ಕಿಟಕಿಯನ್ನೂ ಅವನು ಮಾಡಿರಲಿಲ್ಲ.

ಆದರೆ ಹೊಸದಾಗಿ ಈ ಕಟ್ಟಡಕ್ಕೆ ಬಂದಾಗ, ನಿವಾಸಿಗಳ ಸಂಘದ ಕಾರ್ಯದರ್ಶಿ ಎಲ್ಲರೆದುರು "ತಾವು ಏನು ಮಾಡ್ತೀರಿ?" ಎಂದು ಕೇಳಿದ್ದರು. ಪಕ್ಕದಲ್ಲಿ ಒಬ್ಬ ದಂತವೈದ್ಯರಿದ್ದರು, ಇನ್ನೊಂದು ಪಕ್ಕದಲ್ಲಿ ಸೇತುವೆ ಕಟ್ಟುವವರಿದ್ದರು. ಅವರಿಬ್ಬರ ನಡುವೆ ಕೂತು "ಉತ್ತರ ಬರೀತೀನಿ" ಎನ್ನಲು ನಾಲಿಗೆ ಏಳಲಿಲ್ಲ. "ಗೇಮ್ ಮಾಡ್ತೀನಿ," ಎಂದುಬಿಟ್ಟ. ಮಾರನೆಯ ವಾರ ಲಿಫ್ಟಿನ ಪಕ್ಕ ಅವನ ಫೋಟೋ ಬಂತು. 'ನಮ್ಮ ಕಟ್ಟಡದ ಹೆಮ್ಮೆ. ಬಾಗಿಲು ತೆರೆಯಬೇಡ ಆಟದ ಸೃಷ್ಟಿಕರ್ತರು. ನಾಲ್ಕನೇ ಮಹಡಿ, ಎಡಗಡೆ ಮನೆ.' ಅಂದಿನಿಂದ ಅವನು ಗೇಮ್‌ಸಾಹೇಬ.

ಈ ವಾರ ಕಂಪನಿ ಕನ್ಸೋಲಿನ ಆಟವನ್ನು ಕೈಬಿಟ್ಟಿತು. ಹಾಗಂತ ಹೇಳಲಿಲ್ಲ. ಗೇಮ್‌ಸಾಹೇಬನ ಕೈಯಲ್ಲಿ ಒಂದು ಪ್ರಕಟಣೆ ಬರೆಸಿತು. ಅದನ್ನು ಓದಿದವರಿಗೆ ಯಾರದೋ ಮದುವೆ ನಿಶ್ಚಯವಾಗಿದೆ ಎನ್ನಿಸುತ್ತಿತ್ತು. ಅದರ ಕೆಳಗೆ ಜನ ಬೈದರು, ಅತ್ತರು, ಮೋಸ ಎಂದರು. ಅದೆಲ್ಲ ಅವನಿಗೆ ಅಭ್ಯಾಸ. ಆದರೆ 'ಚಿಲಕ' ಎಂಬ ಹೆಸರಿನವನೊಬ್ಬ ಬರೆದದ್ದು ಬೇರೆ ಥರ ಇತ್ತು. ಚಿಲಕನ ಚಿತ್ರದಲ್ಲಿ ಮುಖವಿಲ್ಲ. ಕಪ್ಪು ಕೈಗವಸು ತೊಟ್ಟ ಒಂದು ಕೈ, ಆ ಕೈಯಲ್ಲಿ ಉದ್ದನೆಯ ಟಾರ್ಚು.

"ದ್ವಾರಪಾಲರೇ, ನಿಮ್ಮ ಪ್ರಕಟಣೆಯಲ್ಲಿ ಸಾಲಿಗೊಂದು ಪ್ರೀತಿ ಇದೆ. ನನ್ನ ಎದುರು ನಿಂತು ಇಷ್ಟು ಪ್ರೀತಿ ತೋರಿಸಿದವರೆಲ್ಲ ಕೊನೆಗೆ ಚೀಲ ಬಿಚ್ಚಿದ್ದಾರೆ. ನಿಮ್ಮೊಡನೆ ಇನ್ನು ಮಾತಿಲ್ಲ. ಆಟ ಮಾಡಿದವರ ಮನೆ ನನಗೆ ಗೊತ್ತು. ಶನಿವಾರ ಬರುತ್ತೇನೆ. ಬಾಗಿಲಲ್ಲೇ ಮೂರು ಪ್ರಶ್ನೆ."

ಇವತ್ತು ಶನಿವಾರ.

"ಚೀಲ ಬಿಚ್ಚಿದ್ದಾರೆ ಅಂದ್ರೆ ಏನು?" ಎಂದು ಗೇಮ್‌ಸಾಹೇಬ ಜೇಡರ ಬಲೆ ಒರೆಸಿಕೊಳ್ಳುತ್ತ ಕೇಳಿದ. "ಚೀಲದಲ್ಲಿ ಏನಿತ್ತು? ಚೀಲ ಬಿಚ್ಚಿದವರು ಈಗ ಎಲ್ಲಿದ್ದಾರೆ? ಅವರೇ ಚೀಲದಲ್ಲಿದ್ದಾರಾ?"

"ನೀವು ಆಟ ಮಾಡಿದವರಲ್ವಲ್ಲ," ಎಂದಳು ಹೆಂಡತಿ, ಚಪ್ಪಲಿ ಹುಡುಕುತ್ತ. "ನಾನಲ್ಲ ಅಂತ ಹೇಳಿ. ಮುಗೀತು."

"ಹಾಗಾದ್ರೆ ನೀನ್ಯಾರು ಅಂತ ಕೇಳ್ತಾನೆ. ದ್ವಾರಪಾಲ ಅಂತೀನಾ?"

ಮಾಡಿದವನೆಂದರೂ ಒದೆ, ಬರೆದವನೆಂದರೂ ಒದೆ. ಮೂರನೆಯ ಮನುಷ್ಯನಾಗಲು ಈಗ ಸಮಯವಿರಲಿಲ್ಲ.

"ನಂಗೆ ಡ್ಯೂಟಿ ಇದೆ," ಎಂದಳು ಅವಳು. "ಅಮ್ಮ ಫೋನ್ ಮಾಡಿದ್ಲು, ಇವತ್ತು ಬರ್ತಾಳಂತೆ. ಯಾಕೋ ಸಿಟ್ಟಲ್ಲಿದ್ದ ಹಾಗಿತ್ತು. ಬಂದ್ರೆ ಬಾಗಿಲು ತೆಗೀರಿ."

ಗೇಮ್‌ಸಾಹೇಬ ಕುರ್ಚಿಯಲ್ಲಿ ಕುಸಿದ. ಅತ್ತೆ ಬಂದರಿನ ಸುಂಕದ ಅಧಿಕಾರಿಯಾಗಿ ನಿವೃತ್ತರಾದವರು. ಹಡಗಿನಿಂದ ಇಳಿದವರ ಮುಖ ನೋಡಿಯೇ ಯಾವ ಪೆಟ್ಟಿಗೆಗೆ ಎರಡು ತಳ ಇದೆ ಎಂದು ಹೇಳುತ್ತಿದ್ದರಂತೆ. ಅವರೆದುರು ಊಟಕ್ಕೆ ಕೂತಾಗ ಅಳಿಯ ತನ್ನ ಜೇಬುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಂಥವರಿಗೆ ಈ ಆಟವೆಂದರೆ ಪ್ರಾಣ. ಮಗಳ ಮನೆಗೆ ಬಂದಾಗೆಲ್ಲ ಕಂಪ್ಯೂಟರಿನ ಮುಂದೆ ಕೂತು, ಮಣಿಕಟ್ಟು ನೋಯುವವರೆಗೂ ಆಡುತ್ತಿದ್ದರು. ಕೀಲಿಮಣೆ ಮುಟ್ಟಬೇಡಿ ಎಂದು ವೈದ್ಯರು ಹೇಳಿದ ಮೇಲೆ ಕನ್ಸೋಲ್ ಕೊಂಡರು. ಬೆನ್ನುಮೂಳೆ ಮುರಿದುಕೊಂಡು ಬೇರೆ ಊರಿನಲ್ಲಿ ಮಂಚ ಹಿಡಿದಿದ್ದ ತಮ್ಮ ಅಕ್ಕನಿಗೂ ಒಂದು ಕೊಡಿಸಿದರು. "ಕನ್ಸೋಲಿನದು ಯಾವಾಗ ಅಳಿಯಂದ್ರೇ?" ಎಂದು ಒಮ್ಮೆ ಕೇಳಿದ್ದರು. "ಬಂದ್ಬಿಡ್ತು ಅಂತಿಟ್ಕೊಳ್ಳಿ ಅತ್ತೆ," ಎಂದಿದ್ದ ಅವನು. ಅತ್ತೆ ಹಾಗೇ ಇಟ್ಟುಕೊಂಡಿದ್ದರು.

"ಒಂದೇ ದಿನ ಚಿಲಕನೂ ಅತ್ತೇನೂ," ಎಂದು ನರಳಿದ. "ದೇವರಿಗೆ ಸ್ವಲ್ಪವಾದ್ರೂ ಕರುಣೆ ಬೇಡ್ವಾ?"

ಮನೆಯಲ್ಲಿ ಒಬ್ಬನೇ ಇರುವುದಕ್ಕಿಂತ ಕಚೇರಿಯಲ್ಲಿ ಎಲ್ಲರ ನಡುವೆ ಸಾಯುವುದು ಮೇಲು ಎನ್ನಿಸಿ, ಹೆಂಡತಿಯ ಹಿಂದೆಯೇ ಹೊರಟ. ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಉಳಿಯಿತು.

ಕಚೇರಿಯ ಗೋಡೆಯ ಮೇಲೆ 'ಇಲ್ಲ ಎನ್ನಬೇಡಿ, ಇನ್ನೂ ಎನ್ನಿ' ಎಂಬ ಹಲಗೆ ತೂಗುತ್ತಿತ್ತು. ಅದರ ಕೆಳಗೆ ಯಜಮಾನ ಕೂತಿದ್ದ. ಈ ಆಟದ ಕಲ್ಪನೆ ತನ್ನದೇ, ಅಜ್ಜಿಯ ಮನೆಯ ಬಾಗಿಲಿನಿಂದ ಹುಟ್ಟಿದ್ದು ಎಂದು ಸಂದರ್ಶನ ಕೊಟ್ಟವನು ಅವನು.

"ಸರ್, ರದ್ದಾದ ವಿಷಯಕ್ಕೆ ಒಬ್ಬ..." ಎಂದು ಗೇಮ್‌ಸಾಹೇಬ ಶುರುಮಾಡಿದ.

"ರದ್ದು ಅಂದೋರು ಯಾರು?" ಯಜಮಾನ ಸುತ್ತ ನೋಡಿದ. "ರದ್ದಾಗಿಲ್ಲ. ವಿಶ್ರಾಂತಿ ತಗೊಳ್ತಿದೆ."

"ಸರ್, ಅವನು ಆಟ ಮಾಡಿದವರ ಮನೆಗೆ ಬರ್ತೀನಿ ಅಂತ ಬರೆದಿದಾನೆ. ಕೈಗೆ ಕವಸು ಹಾಕ್ಕೊಂಡಿದಾನೆ. ಆಟ ಮಾಡಿದವನು ನಾನಲ್ಲ, ನೀವು ಅಂತ ಒಂದು ಸಾಲು ಪ್ರಕಟಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಯಜಮಾನ ಕವಸಿನ ಚಿತ್ರ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ನೋಡು, ಒಂದು ಆಟ ಅಂದ್ರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಸದ್ಯಕ್ಕೆ ನೀನೇ ಮಾಡಿದೋನು ಅಂತಿರಲಿ. ನಂಗೂ ಹೆಂಡ್ತಿ ಮಕ್ಕಳಿದಾರೆ."

"ಸರ್, ನಿಮ್ಮ ಅಜ್ಜಿ ಮನೆ ಬಾಗಿಲು?"

"ಆ ಮನೆ ಮಾರಿಬಿಟ್ವಿ."

ಗೇಮ್‌ಸಾಹೇಬ ಚಿತ್ರಕಾರನ ಕಡೆ ತಿರುಗಿದ. ಚಿತ್ರಕಾರ ಆಗಲೇ ಕೈಯೆತ್ತಿದ್ದ: "ನಾನು ಬಾಗಿಲಿಗೆ ಬಣ್ಣ ಹಚ್ಚಿದ್ದಷ್ಟೇ ಮಾರಾಯಾ." ಸದ್ದು ಮಾಡುವವನು ಕಿವಿಯ ಮೇಲಿನ ಹೆಡ್‌ಫೋನು ತೆಗೆಯದೆಯೇ ಹೇಳಿದ: "ನಂದು ಅಗಿಯೋ ಸದ್ದು ಮಾತ್ರ. ಅದೂ ಕ್ಯಾರೆಟ್." ಬೆಳಿಗ್ಗೆಯವರೆಗೆ ಅವರೆಲ್ಲ ಆಟಕ್ಕೆ ತಂದೆಯರಾಗಿದ್ದರು. ಈಗ ಆ ಆಟ ದಿಕ್ಕಿಲ್ಲದ ಅನಾಥ.

ಮೂಲೆಯಲ್ಲಿ ಮೌನಿ ಕೂತಿದ್ದಳು. ಆಟವನ್ನು ನಡೆಸುವ ಪ್ರೋಗ್ರಾಮನ್ನೆಲ್ಲ ಬರೆದದ್ದು ಅವಳೇ. ಮಾತು ಕಡಿಮೆ ಎಂದು ಆ ಹೆಸರು. ಅವಳು ಪರದೆಯನ್ನು ಇವನ ಕಡೆ ತಿರುಗಿಸಿದಳು. ಕನ್ಸೋಲಿನ ಆಟ. ಬಾಗಿಲು. ಬಡಿಯುವ ಸದ್ದು. ಅವಳು ಗುಂಡಿ ಒತ್ತಿದಳು. ಬಾಗಿಲು ಕದಲಲಿಲ್ಲ.

"ಈ ಪೆಟ್ಟಿಗೆಯಲ್ಲಿ ಬಾಗಿಲು ತೆರೆಯಲ್ಲ," ಎಂದಳು. "ತೆರೆದ್ರೆ ಎಲ್ಲಾ ನಿಂತುಹೋಗುತ್ತೆ. ಪೆಟ್ಟಿಗೆಗೆ ಅಷ್ಟು ತಾಕತ್ತಿಲ್ಲ. ಎಲ್ಲಾ ಥರಾನೂ ನೋಡಿದೆ."

"ಯಾವಾಗ ಗೊತ್ತಾಯ್ತು?"

"ಚಳಿ ಇತ್ತು. ನೀನು ಮಫ್ಲರ್ ಹಾಕ್ಕೊಂಡಿದ್ದೆ. ಇದೇ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ನೀನು ಬಿಸ್ಕತ್ತು ತಿಂತಿದ್ದೆ."

ತಲೆಯ ಮೇಲೆ ಈಗ ಫ್ಯಾನು ಗಿರಗಿರ ತಿರುಗುತ್ತಿತ್ತು. ಬೇಸಿಗೆ ನಡುವಿಗೆ ಬಂದಿತ್ತು.

"ಹಾಗಾದ್ರೆ ನಾವು ಸುಳ್ಳು ಹೇಳಿದ ಹಾಗಾ?" ಎಂದು ಅವನು ದನಿ ಇಳಿಸಿ ಕೇಳಿದ.

"ಮೊದಲು ಇಲ್ಲ. ಮೊದಲು ನಂಬಿದ್ವಿ," ಎಂದಳು ಮೌನಿ. "ಆಮೇಲೆ ನಂಬಿಕೆ ಹೋಯ್ತು. ನೀನು ಬರೆಯೋದು ನಿಲ್ಲಿಸಲಿಲ್ಲ." ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಅದರೊಳಗೆ ಯಾರೋ ಇನ್ನೂ ಬಡಿಯುತ್ತಲೇ ಇದ್ದರು.

ಯಜಮಾನ ಕೊನೆಗೆ ಒಂದು ಡಬ್ಬಿ ತಂದು ಅವನ ಕೈಗಿಟ್ಟ. ಅದರಲ್ಲಿ ಆಟದ ಹೆಸರು ಬರೆದ ಒಂದು ಬನಿಯನ್ನು, ಒಂದು ಚಹಾ ಲೋಟ, ಒಂದು ಪುಟ್ಟ ಹಿತ್ತಾಳೆ ಬೀಗ. "ಬಂದ್ರೆ ಇದನ್ನ ಕೊಡು. ಅಭಿಮಾನಿಗಳು ಮುಗ್ಧರು." ಬೀಗಕ್ಕೆ ಕೀಲಿ ಇರಲಿಲ್ಲ. ಕೀಲಿಯನ್ನು ಕನ್ಸೋಲಿನ ಆಟ ಬಿಡುಗಡೆಯಾದ ದಿನ ಕೊಡುವ ಯೋಜನೆಯಿತ್ತಂತೆ.

ಡಬ್ಬಿ ಅಪ್ಪಿಕೊಂಡು ಗೇಮ್‌ಸಾಹೇಬ ಪೊಲೀಸ್ ಠಾಣೆಗೆ ಹೋದ. ಇನ್ಸ್‌ಪೆಕ್ಟರು ಫೋನಿನಲ್ಲಿ ಚಿಲಕನ ಬರಹವನ್ನು ಎರಡು ಸಲ ಓದಿದರು.

"ಕನ್ನಡ ಚೆನ್ನಾಗಿದೆ," ಎಂದರು. "ತಪ್ಪಿಲ್ಲ. ಕೊಲೆಗಾರರು ಸಾಮಾನ್ಯವಾಗಿ ಪೂರ್ಣವಿರಾಮ ಹಾಕಲ್ಲ."

"ಸರ್, ಚೀಲ ಅಂತ ಬರೆದಿದಾನೆ ನೋಡಿ."

"ನೋಡಿದೆ. ಇವನು ಏನು ಕೇಳ್ತಿದಾನೆ?"

"ಕನ್ಸೋಲಿನದು ಬರುತ್ತಾ ಅಂತ ಸರ್."

"ಬರುತ್ತಾ?"

"ಸರ್, ಅದರ ಬಗ್ಗೆ ನಮ್ಮ ತಂಡ ಅತ್ಯಂತ ಪ್ರೀತಿಯಿಂದ..."

"ಬರುತ್ತಾ ಇಲ್ವಾ?"

"ಸದ್ಯಕ್ಕೆ ವಿಶ್ರಾಂತಿ..."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದ ಬೆಂಚಿನಲ್ಲಿ ಕೈಗೆ ಬೇಡಿ ತೊಟ್ಟು ಕೂತಿದ್ದ ಸೈಕಲ್ ಕಳ್ಳ ಕೂಡ ಇವನ ಕಡೆ ಕನಿಕರದಿಂದ ನೋಡಿದ.

"ಬರುತ್ತೆ ಅಂತ ಹೇಳಿದ್ರಾ?"

"ಹೇಳಿದ್ವಿ ಸರ್."

"ಹೇಳುವಾಗ ಬರಲ್ಲ ಅಂತ ಗೊತ್ತಿತ್ತಾ?"

ಗೇಮ್‌ಸಾಹೇಬನ ಗಂಟಲಲ್ಲಿ ಚಳಿಗಾಲದ ಆ ಬಿಸ್ಕತ್ತು ಈಗ ಬಂದು ಸಿಕ್ಕಿಕೊಂಡಿತು. "ಸರ್, ದೂರು ಕೊಡೋಕೆ ಬಂದವನು ನಾನು," ಎಂದ.

"ಅದೇ ನನಗೂ ಆಶ್ಚರ್ಯ," ಎಂದರು ಇನ್ಸ್‌ಪೆಕ್ಟರು. "ನೋಡಿ ಸ್ವಾಮಿ, ಮೂರು ಪ್ರಶ್ನೆ ಕೇಳೋದು ಅಪರಾಧ ಅಲ್ಲ. ನಾವೂ ಮಾಡೋದು ಅದೇ. ಹಾಗೇನಾದ್ರೂ ಅವನು ನಾಲ್ಕನೇದು ಕೇಳಿದ್ರೆ ಫೋನ್ ಮಾಡಿ."

ಮನೆಗೆ ಮರಳುವಾಗ ಕಟ್ಟಡದ ಕೆಳಗೆ ಕಾರ್ಯದರ್ಶಿ ಕಾಯುತ್ತಿದ್ದರು. ಬೆಳಿಗ್ಗೆ ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ನೀರಿನ ಕ್ಯಾನಿನವನಿಂದ ಸುದ್ದಿ ಎಲ್ಲ ಮಹಡಿಗೂ ಹತ್ತಿತ್ತು. ಒಬ್ಬ ಚಿಲಕ ಎಂದದ್ದು ಮೊದಲ ಮಹಡಿಗೆ ಹೋಗುವಾಗ ಒಂದು ತಂಡವಾಗಿ, ಎರಡನೆಯದಕ್ಕೆ ಹೋಗುವಾಗ ಆ ತಂಡದ ಕೈಗೆ ಸಲಾಕೆ ಬಂದಿತ್ತು.

"ಸಾಹೇಬ್ರೇ, ಹೆದರಬೇಡಿ. ಲಿಫ್ಟಿನಲ್ಲಿ ನೋಟಿಸ್ ಹಾಕಿಸಿದೀನಿ," ಎಂದರು ಕಾರ್ಯದರ್ಶಿ. ಲಿಫ್ಟಿನ ಗಾಜಿಗೆ ದಪ್ಪಕ್ಷರದ ಕಾಗದ ಅಂಟಿತ್ತು: 'ಬಾಗಿಲು ತೆರೆಯಬೇಡಿ.' ಅದನ್ನು ನೋಡಿ, ಲಿಫ್ಟು ಕೆಟ್ಟಿದೆಯೆಂದು ತಿಳಿದು, ಕಟ್ಟಡದ ಜನವೆಲ್ಲ ಆ ಮಧ್ಯಾಹ್ನ ಮೆಟ್ಟಿಲು ಹತ್ತುತ್ತಿದ್ದರು.

"ಅದಿರಲಿ, ಆ ಫೋಟೋ ತೆಗೆಸಿ ಸರ್. ನನ್ನ ಮನೆ ಎಲ್ಲಿದೆ ಅಂತ ಅದರಲ್ಲೇ ಇದೆ."

ಕಾರ್ಯದರ್ಶಿಗೆ ನೋವಾಯಿತು. "ತೆಗೆದ್ರೆ ಅದರ ಹಿಂದಿನ ಗೋಡೆ ಬಣ್ಣ ಬೇರೆ ಕಾಣುತ್ತೆ ಸಾಹೇಬ್ರೇ. ಚೌಕಾಕಾರದ ಮಚ್ಚೆ. ಪೂರ್ತಿ ಗೋಡೆಗೆ ಬಣ್ಣ ಹೊಡೆಸ್ಬೇಕಾಗುತ್ತೆ. ಸುಮ್ನೆ ಎದೆಗುಂದಬೇಡಿ. ನಮ್ಮ ಕಟ್ಟಡದ ಹೆಮ್ಮೆ ನೀವು!"

ಹೆಮ್ಮೆ ಮೆಟ್ಟಿಲು ಹತ್ತಿ, ಮನೆಯೊಳಗೆ ನುಗ್ಗಿ, ಬೀಗ ಹಾಕಿ, ಅಗಳಿ ಹಾಕಿ, ಸರಪಳಿ ಸಿಕ್ಕಿಸಿ, ಬಾಗಿಲಿಗೆ ಶೂ ಇಡುವ ಕಪಾಟನ್ನು ಒರಗಿಸಿತು. ಆಮೇಲೆ ಬಾಗಿಲಿನ ಗಾಜುಗಣ್ಣಿಗೆ ಕಣ್ಣಿಟ್ಟು ನಿಂತಿತು.

ಬಾಗಿಲಾಚೆ ಮಹಡಿಯ ಓಣಿಯ ದೀಪ ಯಾರಾದರೂ ಕದಲಿದರೆ ತಾನೇ ಹೊತ್ತಿಕೊಳ್ಳುವಂಥದ್ದು. ಕಿಟಕಿಯಿಲ್ಲದ ಆ ಓಣಿಯಲ್ಲಿ ಹಗಲಿಗೂ ಇರುಳಿಗೂ ವ್ಯತ್ಯಾಸವಿರಲಿಲ್ಲ. ದೀಪ ಆರಿತ್ತು. ಕತ್ತಲೆ. ಫ್ರಿಜ್ಜು ಒಮ್ಮೆ ಗುರ್ ಎಂದು ನಿಂತಿತು. ಗೇಮ್‌ಸಾಹೇಬನ ಎದೆಯೂ ಅದರ ಜೊತೆ ನಿಂತು, ಮತ್ತೆ ಹೊರಟಿತು. ಎಲ್ಲೋ ಕೆಳಗೆ ಹೆಜ್ಜೆಯ ಸದ್ದು. ಹೆಜ್ಜೆಯ ಜೊತೆ ಇನ್ನೊಂದು ಸದ್ದು: ಏನನ್ನೋ ಮೆಟ್ಟಿಲ ಮೇಲೆ ಎಳೆದು ತರುವುದು. ಧಡ್. ನಿಲ್ಲುವುದು. ಮತ್ತೆ ಧಡ್. ಭಾರದ್ದು.

ಚೀಲ, ಎಂದುಕೊಂಡ.

ಓಣಿಯ ದೀಪ ಹೊತ್ತಿತು. ಗಾಜುಗಣ್ಣಿನಲ್ಲಿ ಮುಖ ಕಾಣಲಿಲ್ಲ. ಬಂದವರ ತಲೆ ಅದಕ್ಕಿಂತ ಕೆಳಗಿತ್ತು. ಕಂಡದ್ದು ಗಂಟೆಯತ್ತ ಏರುತ್ತಿದ್ದ ಒಂದು ಕೈ ಮಾತ್ರ. ಆ ಕೈಗೆ ಕಪ್ಪು ಕವಸು.

ಗಂಟೆ ಹೊಡೆಯಿತು.

"ಅಳಿಯಂದ್ರೇ," ಎಂದಿತು ಹೊರಗಿನ ದನಿ. "ಬಾಗಿಲು ತೆಗೀರಿ. ನಾನು."

ಅತ್ತೆಯ ದನಿ! ಆಟದ ಮೊದಲ ಹಂತದ ತಂತ್ರವೇ ಇದು. ಸಂಬಂಧಿಕರ ದನಿಯಲ್ಲಿ ಕರೆಯುವುದು. ಎಂಥ ಪಳಗಿದ ಕಳ್ಳ! ಮನೆಯವರ ವಿವರವನ್ನೆಲ್ಲ ಸಂಗ್ರಹಿಸಿಕೊಂಡೇ ಬಂದಿದ್ದಾನೆ.

"ನಾನು ಅಂದ್ರೆ ಯಾರು?" ಎಂದ, ದನಿ ಗಡುಸು ಮಾಡಿಕೊಳ್ಳಲು ನೋಡಿ. ಅದು ಕೀರಲಾಗಿ ಬಂತು.

"ನಿಮ್ಮ ಅತ್ತೆ."

"ಅತ್ತೆ ಅನ್ನೋದಕ್ಕೆ ಏನು ಸಾಕ್ಷಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಇನ್ನಷ್ಟು ಹೆಜ್ಜೆಗಳು; ಕಾರ್ಯದರ್ಶಿಯೂ ದಂತವೈದ್ಯರೂ ಪೊರಕೆ ಹಿಡಿದು ನೆರವಿಗೆ ಬಂದಿದ್ದರು. ಮಣಿಕಟ್ಟಿಗೆ ಕವಸಿನಂಥ ಕಪ್ಪು ಪಟ್ಟಿ ಕಟ್ಟಿಕೊಂಡು, ಚಕ್ರದ ಪೆಟ್ಟಿಗೆ ಹಿಡಿದು ನಿಂತ ವಯಸ್ಸಾದ ಹೆಂಗಸನ್ನು ನೋಡಿ, ಪೊರಕೆಗಳನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡು ನಮಸ್ಕಾರ ಹೇಳಿದರು. ಗಾಜುಗಣ್ಣಿನಿಂದ ಹಿಂದೆ ಸರಿದು ನಿಂತಿದ್ದ ಒಳಗಿನವನಿಗೆ ಇದೊಂದೂ ಕಾಣಲಿಲ್ಲ.

"ನನ್ನ ಮದುವೆ ಮಾತುಕತೆ ದಿನ," ಎಂದ ಗೇಮ್‌ಸಾಹೇಬ, "ನನ್ನನ್ನ ನೋಡಿ ನೀವು ಏನಂದ್ರಿ?"

"ಬೇಡ ಅಂದೆ."

ಒಂದೇ ಮಾತು. ಕಥೆಯಿಲ್ಲ, ಪ್ರೀತಿಯಂತೂ ಇಲ್ಲವೇ ಇಲ್ಲ. ಆಟದ ನಿಯಮದ ಪ್ರಕಾರ ಇದು ಸತ್ಯ. ಕಪಾಟನ್ನು ಸರಿಸುತ್ತ, "ಅತ್ತೆ! ಕ್ಷಮಿಸಿ ಅತ್ತೆ! ಒಬ್ಬ ಕ್ರೂರಿ ಬರ್ತಿದಾನೆ, ಅದಕ್ಕೇ..." ಎಂದ.

"ಬರ್ತಿಲ್ಲ, ಬಂದಾಯ್ತು," ಎಂದರು ಅತ್ತೆ. "ತೆಗೀಬೇಡಿ ಇನ್ನೂ. ಮೂರು ಪ್ರಶ್ನೆ ಇದೆ."

ಅವನ ಕೈ ಅಗಳಿಯ ಮೇಲೆಯೇ ಉಳಿಯಿತು. ಕಪ್ಪು ಕವಸು, ಟಾರ್ಚು, ಬಿಚ್ಚಿಸಿದ ಚೀಲ ಎಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಚಿಲಕ ಕೊಲೆಗಾರನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣ ಅವನಿಗೆ ಅನ್ನಿಸಿತು. ಕೊಲೆಗಾರನ ಕಾಲಾದರೂ ಹಿಡಿಯಬಹುದಿತ್ತು.

"ಮೊದಲನೇದು. ಈ ಆಟ ಮಾಡಿದವರು ನೀವೇನಾ?"

"ಅತ್ತೆ, ನೋಡಿ, ಒಂದು ಆಟ ಅಂದ್ರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಹತ್ತಾರು ಮನಸ್ಸುಗಳ ಪ್ರೀತಿ ಸೇರಿ..."

"ಉದ್ದ ಆಯ್ತು. ಮತ್ತೆ ಹೇಳಿ."

ಬಾಗಿಲಾಚೆ ನೆರೆಯವರು ಉಸಿರು ಹಿಡಿದಿದ್ದರು. ಒಳಗೆ ಅವನೂ ಹಿಡಿದಿದ್ದ. ಈಗ ಬಿಡಿ ಎನ್ನಲು ಹೆಂಡತಿ ಇರಲಿಲ್ಲ, ಅವನೇ ಬಿಟ್ಟ.

"ಅಲ್ಲ."

"ಅಯ್ಯೋ, ಹಾಗಾದ್ರೆ ಆ ಫೋಟೋ?" ಎಂದರು ಕಾರ್ಯದರ್ಶಿ.

"ನೀವು ಸುಮ್ನಿರಿ. ಎರಡನೇದು. ನಿಮ್ಮ ಕಚೇರಿಯಲ್ಲಿ ದ್ವಾರಪಾಲ ಅಂತ ಒಬ್ಬ ಇದಾನೆ. ಅವನು ಯಾರು? ಅವನ ಮನೆ ಬಾಗಿಲಿಗೂ ಹೋಗೋದಿದೆ ನನಗೆ."

"ನಾನು."

ಈ ಉತ್ತರವನ್ನು ಸುಂಕದ ಅಧಿಕಾರಿ ನಿರೀಕ್ಷಿಸಿರಲಿಲ್ಲ. ಓಣಿಯಲ್ಲಿ ಯಾರೂ ಕದಲದ್ದರಿಂದ ದೀಪ ಆರಿಹೋಯಿತು. ಕತ್ತಲಲ್ಲೇ ಅವರ ದನಿ ಬಂತು.

"'ನಿಮ್ಮ ತಾಳ್ಮೆಯೇ ನಮ್ಮ ದೀಪ' ಅಂತ ಬರೆದದ್ದು?"

"ನಾನೇ."

"'ಇನ್ನೇನು ಹೊಸ್ತಿಲಿಗೆ ಬಂದಿದೆ' ಅಂದದ್ದು?"

"ನಾನೇ ಅತ್ತೆ."

"ನಾಲ್ಕು ಆಯ್ತು," ಎಂದು ದಂತವೈದ್ಯರು ಮೆಲ್ಲಗೆ ಲೆಕ್ಕ ಹೇಳಿದರು. ಯಾರೂ ಪೊಲೀಸರಿಗೆ ಫೋನ್ ಮಾಡಲಿಲ್ಲ.

"ಅವೆಲ್ಲ ಎರಡನೇದರ ಒಳಗೇ ಬರುತ್ತೆ," ಎಂದರು ಅತ್ತೆ. ಆಮೇಲೆ, ಬಾಗಿಲಿಗೆ ಹತ್ತಿರ ಬಂದಿರಬೇಕು, ದನಿ ಸಣ್ಣದಾಯಿತು. "ಆ ಹೊಸ್ತಿಲಿನ ಮಾತನ್ನ ಅಕ್ಕನಿಗೆ ನಾನೇ ಓದಿ ಹೇಳಿದೆ. ಅವಳು ಟಿವೀನ ಮಂಚದ ಎದುರಿಗೆ ಎಳೆಸ್ಕೊಂಡ್ಲು. ಪೆಟ್ಟಿಗೆ ಜೋಡಿಸ್ಕೊಂಡ್ಲು. ಅವಳು ಒಳಗೆ, ನಾನು ಹೊರಗೆ ಅಂತ ಮಾತಾಗಿತ್ತು. ನಾನು ಬಡಿದು ಬಡಿದು ಬೇಡ್ಕೊಂಡ್ರೂ ಬಾಗಿಲು ತೆಗೆಯಲ್ಲ ಅಂತ ಅವಳಿಗೆ ನಗು. ದಿನಾ ಬೆಳಿಗ್ಗೆ ಫೋನ್ ಮಾಡಿ 'ಬಂತೇನೇ?' ಅಂತಾಳೆ. ಜನ್ಮದಲ್ಲಿ ಅವಳಿಗೆ ನಾನು ಸುಳ್ಳು ಹೇಳಿದವಳಲ್ಲ. ನಿಮ್ಮ ಉತ್ತರ ಓದಿ ಹೇಳ್ತಿದ್ದೆ."

ಒಳಗೆ ಗೇಮ್‌ಸಾಹೇಬ ಏನೋ ಹೇಳಲು ಬಾಯಿ ತೆರೆದ. ಬಾಯಲ್ಲಿ ಪ್ರಿಯ ಗೆಳೆಯಾ ಎಂಬುದೊಂದೇ ಇತ್ತು. ಮುಚ್ಚಿದ.

"ಮೂರನೇದು," ಎಂದರು ಅತ್ತೆ. ಮದುವೆಯಾದಾಗಿನಿಂದ ಒಮ್ಮೆಯೂ ಅವನನ್ನು ಏಕವಚನದಲ್ಲಿ ಕರೆಯದವರು. "ಅದನ್ನ ಬರೆಯುವಾಗ ಬರಲ್ಲ ಅಂತ ನಿನಗೆ ಗೊತ್ತಿತ್ತಾ?"

ಉತ್ತರಗಳು ಅವನ ತಲೆಯೊಳಗೆ ಸಾಲುಗಟ್ಟಿ ನಿಂತವು. ತಾಂತ್ರಿಕವಾಗಿ ನೋಡಿದರೆ. ಆ ಹಂತದಲ್ಲಿ ನಮಗಿದ್ದ ಮಾಹಿತಿಯ ಪ್ರಕಾರ. ಆಶಾಭಾವನೆ ಎಂಬುದು. ಎಲ್ಲವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಉತ್ತರಗಳು, ಒಂದಕ್ಕಿಂತ ಒಂದು ಲಕ್ಷಣ. ಅವುಗಳ ಹಿಂದೆ ಬಿಸ್ಕತ್ತು ಹಿಡಿದ ಮಫ್ಲರಿನ ಮನುಷ್ಯ ನಿಂತಿದ್ದ.

"ಗೊತ್ತಿತ್ತು," ಎಂದ.

ಅಗಳಿ ತೆಗೆದ. ಬೀಗ ತೆಗೆದ. ಸರಪಳಿ ಬಿಚ್ಚಿದ. ಬಾಗಿಲು ತೆರೆದುಕೊಂಡಿತು, ಆ ಕದಲಿಕೆಗೆ ಓಣಿಯ ದೀಪವೂ ಹೊತ್ತಿತು. ಪರದೆ ಕಪ್ಪಾಗಲಿಲ್ಲ, ಯಾರೂ ಏನನ್ನೂ ಅಗಿಯಲಿಲ್ಲ. ಅತ್ತೆ ಚಕ್ರದ ಪೆಟ್ಟಿಗೆಯ ಪಕ್ಕ ನಿಂತಿದ್ದರು. ಅವನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಹಿಂದೆ ಕಾರ್ಯದರ್ಶಿ, ಈ ಹೊಸ ಮನುಷ್ಯ ಯಾರಪ್ಪ ಎಂಬಂತೆ ಅವನನ್ನೇ ನೋಡುತ್ತಿದ್ದರು.

ಬಾಗಿಲು ತೆರೆದೂ ಬದುಕಿದ್ದೇನೆ ಎಂದು ಗೊತ್ತಾದದ್ದೇ ತಡ, ಗೇಮ್‌ಸಾಹೇಬನಿಗೆ ಎಲ್ಲಿಲ್ಲದ ಹುರುಪು ಬಂತು. ಡಬ್ಬಿಯನ್ನು ಮುಂದೆ ಚಾಚಿದ. ಬನಿಯನ್ನು, ಲೋಟ, ಬೀಗ ತೋರಿಸಿದ. ಅತ್ತೆ ಬೀಗವನ್ನು ಕೈಗೆತ್ತಿಕೊಂಡು, ತಿರುಗಿಸಿ, ಕೀಲಿಗಾಗಿ ಡಬ್ಬಿಯ ತಳ ತಡಕಿ ನೋಡಿ, ವಾಪಸು ಇಟ್ಟರು. ಲಿಫ್ಟು ಕೆಟ್ಟಿಲ್ಲವೆಂದು ಕಾರ್ಯದರ್ಶಿ ಮೆಲ್ಲಗೆ ತಿಳಿಸಿದಾಗ ಅದರ ಗುಂಡಿ ಒತ್ತಿದರು.

"ಎಲ್ಲಿಗೆ ಅತ್ತೆ? ಈಗ ತಾನೇ ಬಂದಿದೀರಿ!"

"ಅಕ್ಕನ ಹತ್ರ. ಎದುರಿಗೆ ನಿಂತು ಹೇಳ್ಬೇಕು."

"ಅಷ್ಟು ದೂರ ಯಾಕೆ ಅತ್ತೆ? ಒಳಗೆ ಬನ್ನಿ, ಕೂತ್ಕೊಳ್ಳಿ." ಅವನು ಹೊಸ್ತಿಲು ದಾಟಿ ಓಡಿ ಬಂದ. "ದೊಡ್ಡತ್ತೆಗೆ ಏನು ಹೇಳ್ಬೇಕು ಅಂತ ನಾನು ಬರ್ಕೊಡ್ತೀನಿ. ಎರಡೇ ಸಾಲು. ಅವರಿಗೆ ಒಂಚೂರೂ ಬೇಜಾರಾಗಬಾರದು, ಹಾಗೆ. ಬಾಗಿಲು ಸ್ವಲ್ಪ ಬಿಗಿಯಾಗಿದೆ, ಎಣ್ಣೆ ಬಿಡ್ತಿದಾರೆ, ಇನ್ನೇನು..."

ಲಿಫ್ಟು ಬಂದು ನಿಂತಿತು. ಅತ್ತೆ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಅವನ ಕಡೆ ತಿರುಗಿದರು.

"ಬೇಡ."